ರಾಣಿಝರಿ ಅಂಚಿನಿಂದ ಬೆಳಗಿನ ಜಾವ ಫೋಟೊ ತೆಗೆದರೆ ಕಣಿವೆ ಯಾಕೆ ಕಪ್ಪಾಗಿ ಬರುತ್ತೆ?

ತಪ್ಪು ನಿಮ್ಮ ಕ್ಯಾಮೆರಾದ್ದಲ್ಲ. ಮೂಡಿಗೆರೆ ಕಡೆಯ ರಾಣಿಝರಿ ಪಡುವಣಕ್ಕೆ ಮುಖ ಮಾಡಿದ ಪ್ರಪಾತ. ಸೂರ್ಯ ಹುಟ್ಟೋದು ನಿಮ್ಮ ಬೆನ್ನ ಹಿಂದೆ. ಎದುರಿನ ಆಕಾಶ ಬೆಳಗಿದರೂ ಕೆಳಗೆ ನೇತ್ರಾವತಿಗೆ ಹರಿಯುವ ಹಳ್ಳಗಳ ಕಾಡು ಬಹಳ ಹೊತ್ತು ಬೆಟ್ಟದ ನೆರಳಲ್ಲೇ ಇರುತ್ತೆ. ಆಕಾಶಕ್ಕೆ ಬೆಳಕು ಹೊಂದಿಸಿದರೆ ಕಣಿವೆ ಕಪ್ಪು, ಕಣಿವೆಗೆ ಹೊಂದಿಸಿದರೆ ಆಕಾಶ ಬಿಳಿಚು.

ಟ್ರೈಪಾಡ್ ಹಾಕಿ, ಐಎಸ್‌ಒ 100, ಎಫ್/8 ಇಟ್ಟು, ಶಟರ್ ವೇಗ ಮಾತ್ರ ಬದಲಿಸುತ್ತಾ ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಅಂತರದಲ್ಲಿ 3 ಫೋಟೊ ತೆಗೆದು ಆಮೇಲೆ ಒಂದಾಗಿಸಿ. ಮೊಬೈಲಾದರೆ ಎಚ್‌ಡಿಆರ್ ಸಾಕು, ಹೀಗೆ ಒಂದಾಗಿಸೋ ಕೆಲಸ ಅದೇ ಮಾಡುತ್ತೆ.

ಸೂರ್ಯ ಹುಟ್ಟುವ 15 ನಿಮಿಷ ಮುಂಚೆಯೇ ರೆಡಿ ಇರಿ. ಮಂಜಿಲ್ಲದಿದ್ದರೆ ಎದುರಿನ ದಿಗಂತದಲ್ಲಿ ಬೂದುನೀಲಿ ಪಟ್ಟಿ, ಅದರ ಮೇಲೆ ಗುಲಾಬಿ ಕಾಣುತ್ತೆ. ಆ ನೀಲಿ ಭೂಮಿಯದೇ ನೆರಳು! ನನಗಂತೂ ಸೂರ್ಯೋದಯಕ್ಕಿಂತ ಅದೇ ಇಷ್ಟ.

ಕ್ಯಾಮೆರಾದ ಕುತ್ತಿಗೆ ಪಟ್ಟಿ ಬಿಚ್ಚಿಡಿ. ಗಾಳಿಗೆ ಅದು ಟ್ರೈಪಾಡಿಗೆ ಪಟಪಟ ಬಡಿದು ನನ್ನದೊಂದು ಇಡೀ ಬೆಳಗಿನ ಫೋಟೊಗಳು ಅಲುಗಿಹೋಗಿದ್ದವು. ಇಬ್ಬನಿ ಬಿದ್ದ ಹುಲ್ಲು ಸೋಪಿನ ಹಾಗೆ ಜಾರುತ್ತೆ, ಅಂಚಿನಿಂದ ಎರಡು ಮಾರು ಹಿಂದೆ ಕೂತೇ ತೆಗೆಯಿರಿ. ಮಳೆಗಾಲದಲ್ಲಿ ಹೋದರೆ ಮಂಜಿನ ಗೋಡೆ, ಕಾಲಿಗೆ ಇಂಬಳ, ಅಷ್ಟೇ.