ಇಂಗ್ಲೆಂಡಿನಲ್ಲಿರುವ ತಂಗಿಗೆ ಖಿನ್ನತೆ: ಊರಿಗೆ ಕರೆಸುವುದೋ, ಮಂಗಳೂರಿನ ಡಾಕ್ಟರಿಗೆ ವಿಡಿಯೊದಲ್ಲಿ ತೋರಿಸುವುದೋ?

ನಿಮ್ಮ ತಂಗಿ ಅಲ್ಲಿ ನರ್ಸು. ತಿಂಗಳುಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, "ಇಲ್ಲಿಯ ಡಾಕ್ಟರಿಗೆ ನಮ್ಮ ಕಡೆಯ ಸಂಗತಿ ತಲೆಗೇ ಹೋಗುವುದಿಲ್ಲ" ಎನ್ನುತ್ತಾಳೆ. ಅಮ್ಮ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಟಿಕೆಟ್ ಮಾಡಿಸು ಎನ್ನುತ್ತಿದ್ದಾರೆ. ನಮ್ಮ ಸಂಸ್ಕೃತಿ ಗೊತ್ತಿರುವ ಡಾಕ್ಟರೇ ಬೇಕು, ಊರಿಗೆ ಕರೆಸಲೋ, ಮಂಗಳೂರಿನ ಡಾಕ್ಟರಿಗೆ ವಿಡಿಯೊದಲ್ಲಿ ತೋರಿಸಲೋ ಎಂದು ನೀವು ಬರೆದು ಕೇಳಿದ್ದೀರಿ. ತಂಗಿಯ ಜಾಗದಲ್ಲಿ ಅಕ್ಕ ಎಂದು ಹಾಕಿದರೆ ಅದು ನಮ್ಮ ಮನೆ. ನಾವು ಕರೆಸಿಕೊಂಡೆವು. ಕರೆಸಿಕೊಂಡ ರೀತಿಯಿಂದಲೇ ಅವಳ ವೀಸಾ ಹೋಯಿತು, ಚಿಕಿತ್ಸೆಯೂ ತುಂಡಾಯಿತು.

ಅಕ್ಕ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಜಿಪಿ (ನಮ್ಮಲ್ಲಿ ಫ್ಯಾಮಿಲಿ ಡಾಕ್ಟರ್ ಅನ್ನುತ್ತೇವಲ್ಲ, ಅವರು) ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ 50 ಮಿಲಿಗ್ರಾಂ ಶುರು ಮಾಡಿದ್ದರು. ಒಂದೆರಡು ತಿಂಗಳಲ್ಲಿ ಮಾತ್ರೆ ಹಿಡಿಯುತ್ತ ಬಂದಿತ್ತು, ಮಾತಿನ ಚಿಕಿತ್ಸೆಗೂ ಹೆಸರು ಕೊಟ್ಟಾಗಿತ್ತು. ನಾವು ಇಲ್ಲಿಂದ ಫೋನಿನಲ್ಲಿ "ಮೊದಲು ಹೊರಟು ಬಾ, ಉಳಿದದ್ದು ಆಮೇಲೆ" ಎಂದೆವು. ಕಾಯಿಲೆ ಎಂದು ಹೇಳಲು ನಾಚಿಕೆಯಾಗಿ ಅವಳು "ಮನೆಯಲ್ಲಿ ತುರ್ತು" ಎಂದು ಸಂಬಳವಿಲ್ಲದ ರಜೆ ಹಾಕಿ ಬಂದಳು.

ಎಡವಿದ್ದು ಅಲ್ಲೇ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಈಗ ಅದೇ ತಿರುವಿನಲ್ಲಿದ್ದೀರಿ. ಅಲ್ಲಿ ಕೆಲಸ ಕೊಟ್ಟವರೇ ವೀಸಾಕ್ಕೆ ಸ್ಪಾನ್ಸರ್. ಸ್ಪಾನ್ಸರ್ ಆದವರು ಪಾಲಿಸಬೇಕಾದ ನಿಯಮವೊಂದಿದೆ: ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 4 ವಾರಕ್ಕಿಂತ ಹೆಚ್ಚು ಸಂಬಳವಿಲ್ಲದೆ ಅಥವಾ ಕಡಿತದ ಸಂಬಳದಲ್ಲಿ ಗೈರುಹಾಜರಾದರೆ ಸ್ಪಾನ್ಸರ್‌ಶಿಪ್ ನಿಲ್ಲಿಸಬೇಕು. ಇದಕ್ಕೆ ವಿನಾಯಿತಿಗಳಿವೆ, ಅವುಗಳಲ್ಲಿ ಒಂದು ಅನಾರೋಗ್ಯ ರಜೆ. ಖಿನ್ನತೆಯೂ ಅನಾರೋಗ್ಯವೇ. ಮೊದಲ 7 ದಿನಕ್ಕೆ ನೌಕರರೇ ಬರೆದುಕೊಟ್ಟರೆ ಸಾಕು, ಅದರಾಚೆಗೆ ಫಿಟ್ ನೋಟ್, ಅಂದರೆ ಕಾಯಿಲೆಯಿಂದ ಕೆಲಸ ಮಾಡಲಾಗದು ಎಂಬ ವೈದ್ಯಕೀಯ ಚೀಟಿ, ಬೇಕು. ಅದನ್ನು ಜಿಪಿಯೇ ಬರೆಯಬೇಕೆಂದಿಲ್ಲ, 2022ರ ಜುಲೈಯಿಂದ ನರ್ಸ್, ಫಾರ್ಮಸಿಸ್ಟ್ ಮೊದಲಾದವರೂ ಕೊಡಬಹುದು. ಆ ಒಂದು ಚೀಟಿ ಇದ್ದಿದ್ದರೆ ಅಕ್ಕನ ರಜೆ ಲೆಕ್ಕದಿಂದ ಹೊರಗುಳಿಯುತ್ತಿತ್ತು. ಹಾಗೆಯೇ, ಅನುಮತಿಯಿಲ್ಲದೆ ಸತತ 10 ಕೆಲಸದ ದಿನ ಬಾರದಿದ್ದರೆ ಮಾಲೀಕರು ಗೃಹ ಇಲಾಖೆಗೆ ವರದಿ ಮಾಡಲೇಬೇಕು. ಊರಿನಲ್ಲಿ ಕೂತು "ಇನ್ನೆರಡು ವಾರ ಇರಲಿ ಬಿಡು" ಅನ್ನುವವರಿಗೆ ಇದು ಗೊತ್ತಿರುವುದಿಲ್ಲ.

ಮಾತ್ರೆಯ ಕಡೆ ಆದದ್ದು ಇನ್ನೊಂದು. ಊರಿನ ಗಾಳಿ, ಅಮ್ಮನ ಗಂಜಿ ಊಟ, ಮನಸ್ಸು ಹಗುರವಾದಂತಾಯಿತು. ಡಬ್ಬಿ ಖಾಲಿಯಾದಾಗ ಮಾತ್ರೆ ನಿಂತಿತು. ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮುಂತಾದವನ್ನು ಥಟ್ಟನೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ, ಸಿಡುಕು, ಕೆಟ್ಟ ಕನಸು ಬರಬಹುದು. ಇದು ಕಾಯಿಲೆ ಮರಳಿದ್ದಲ್ಲ, ಮಾತ್ರೆ ಬಿಟ್ಟದ್ದರ ಪರಿಣಾಮ. ಮನೆಯಲ್ಲಿ ಮಾತ್ರ "ದೃಷ್ಟಿ ಬಿದ್ದದ್ದು" ಎಂದಾಯಿತು. ಹತ್ತಿರದ ಕ್ಲಿನಿಕ್ಕಿಗೆ ಹೋದರೆ, ಕೈಯಲ್ಲಿ ಒಂದು ಕಾಗದವೂ ಇಲ್ಲದ್ದರಿಂದ, ಎಸ್ಸಿಟಲೋಪ್ರಾಮ್ (ಇನ್ನೊಂದು ಖಿನ್ನತೆಯ ಔಷಧಿ) ಮತ್ತು ಕ್ಲೋನಜೆಪಾಮ್ (ಆತಂಕ ತಗ್ಗಿಸಿ ನಿದ್ದೆ ತರಿಸುವ ಔಷಧಿ) ಸೇರಿದ ಒಂದೇ ಮಾತ್ರೆ ಬರೆದುಕೊಟ್ಟರು. ಇಂಥ ಜೋಡಿ ಮಾತ್ರೆಗಳು ನಮ್ಮ ಮೆಡಿಕಲ್‌ಗಳಲ್ಲಿ ಧಾರಾಳ ಸಿಗುತ್ತವೆ. ಆದರೆ ಕ್ಲೋನಜೆಪಾಮ್ ಅಭ್ಯಾಸವಾಗುವ ಔಷಧಿ. ಬ್ರಿಟನ್ನಿನಲ್ಲಿ ಈ ಗುಂಪಿನ ಮಾತ್ರೆಗಳನ್ನು ಆತಂಕಕ್ಕೆ ಕೊಟ್ಟರೂ 2ರಿಂದ 4 ವಾರ ದಾಟಬಾರದು ಎನ್ನುತ್ತಾರೆ, ಅದು ಅಲ್ಲಿ ನಿಯಂತ್ರಿತ ಔಷಧಿಯೂ ಹೌದು. ಇಲ್ಲಿಂದ ಕಟ್ಟಿಕೊಂಡು ಹೋದ ಪೊಟ್ಟಣ ಮುಗಿದಾಗ ಅಲ್ಲಿಯ ಜಿಪಿ ಅದನ್ನೇ ಮುಂದುವರಿಸುತ್ತಾರೆ ಎಂದು ನಂಬಬೇಡಿ. ತಮಾಷೆ ನೋಡಿ, ಸರ್ಟ್ರಾಲಿನ್ ಉಡುಪಿಯ ಮೆಡಿಕಲ್‌ಗಳಲ್ಲೂ ಡಾಕ್ಟರ ಚೀಟಿಗೆ ಸಿಗುವಂಥದ್ದು. ಹೆಸರು ಬರೆದ ಕಾಗದ ಒಂದಿದ್ದರೆ ಇಲ್ಲಿಯ ಡಾಕ್ಟರೂ ಅದನ್ನೇ ಮುಂದುವರಿಸಬಹುದಿತ್ತು.

ಈಗ ನಿಮ್ಮ ಪ್ರಶ್ನೆಗೆ. "ನಮ್ಮ ಸಂಸ್ಕೃತಿ ಗೊತ್ತಿರುವ ಡಾಕ್ಟರೇ ಬೇಕು" ಎಂಬಲ್ಲಿಂದ ನೀವು ಶುರು ಮಾಡಿದ್ದೀರಿ. ನಾನು ಒಪ್ಪುವುದಿಲ್ಲ ಮಾರಾಯ್ರೆ. ಹೊರದೇಶದಲ್ಲಿ ನಮ್ಮ ಕಡೆಯವರ ವಲಯ ತೀರಾ ಚಿಕ್ಕದು. ಕನ್ನಡ ಸಂಘದ ಗಣೇಶೋತ್ಸವದಲ್ಲಿ ಎದುರು ಕೂರುವ ಡಾಕ್ಟರ ಮುಂದೆ ನಿಮ್ಮ ತಂಗಿ ಬಾಯಿ ಬಿಡುತ್ತಾಳೆಯೇ? ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯಾದರೆ ಇನ್ನೂ ಕಷ್ಟ. ಬೇಕಾದದ್ದು ತನಗೆ ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವ ಡಾಕ್ಟರು, ಅವರ ಜಾತಿ, ಊರು ಯಾವುದಾದರೂ ಆಗಲಿ. ಇದಕ್ಕೆ ಪದ್ಧತಿಯೇ ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವೊಂದನ್ನು ಸೇರಿಸಿತು. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಯಾವುದು, ಮನೆಯವರಿಗೆ ಇದನ್ನು ಹೇಗೆ ಹೇಳುತ್ತೀರಿ, ಯಾಕೆ ಹೀಗಾಯಿತೆಂದು ನಿಮಗೂ ಅವರಿಗೂ ಅನಿಸುತ್ತದೆ, ಇದುವರೆಗೆ ಯಾರ ಬಳಿ ಹೋಗಿದ್ದಿರಿ, ನಮ್ಮಿಬ್ಬರ ಹಿನ್ನೆಲೆ ಬೇರೆಯಾದ್ದರಿಂದ ನಾನು ನಿಮ್ಮನ್ನು ತಪ್ಪು ತಿಳಿಯಬಹುದೆಂಬ ಅಳುಕಿದೆಯೇ, ಈ ಜಾತಿಯ ಪ್ರಶ್ನೆಗಳು. ಡಾಕ್ಟರು ಕೇಳದಿದ್ದರೆ ತಂಗಿಯೇ ಇವಕ್ಕೆ ಉತ್ತರವನ್ನು ಅರ್ಧ ಪುಟದಲ್ಲಿ ಬರೆದುಕೊಂಡು ಹೋಗಲಿ. ಟೊರೊಂಟೊದ ಕ್ಯಾಮ್‌ಎಚ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ದಕ್ಷಿಣ ಏಷ್ಯಾದವರಿಗೆಂದೇ ಹೊಂದಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲೂ ಮನೆಯವರನ್ನು, ಅವರ ನಂಬಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಜಿಪಿಯ ಸಾಮಾನ್ಯ ಭೇಟಿ ಸುಮಾರು 10 ನಿಮಿಷ. ನಮ್ಮವರು ಅದರಲ್ಲಿ ಎಂಟು ನಿಮಿಷ ಗ್ಯಾಸು, ತಲೆನೋವು, ಕೈಕಾಲು ಜೋಮು ಎಂದು ಹೇಳಿ, ಬಾಗಿಲಲ್ಲಿ ನಿಂತು "ಅಳು ಬರ್ತದೆ" ಎನ್ನುತ್ತಾರೆ. ಬುಕ್ ಮಾಡುವಾಗಲೇ ಡಬಲ್ ಅಪಾಯಿಂಟ್‌ಮೆಂಟ್ ಕೇಳಬೇಕು, ಮೊದಲ ವಾಕ್ಯದಲ್ಲೇ ಮನಸ್ಸಿನ ವಿಷಯ ಹೇಳಬೇಕು. ಥೈರಾಯ್ಡ್, ಬಿ12, ಡಿ ವಿಟಮಿನ್ ಪರೀಕ್ಷೆ ಕೇಳಿದರೆ ತಪ್ಪಿಲ್ಲ. ಅಲ್ಲಿಯ ಮಂಕು ಬಿಸಿಲಿನಲ್ಲಿ ನಮ್ಮ ಮೈಬಣ್ಣದವರಿಗೆ ಡಿ ಕಡಿಮೆಯಾಗುವುದು ಸಾಮಾನ್ಯ, ಶಾಕಾಹಾರಿಗಳಿಗೆ ಬಿ12 ಕೂಡ. ಆದರೆ "ವಿಟಮಿನ್ ಕಡಿಮೆ ಅಷ್ಟೆ" ಎಂದು ಅಲ್ಲಿಗೇ ಮುಗಿಸಬೇಡಿ.

ಮಾತಿನ ಚಿಕಿತ್ಸೆಗೆ ಇಂಗ್ಲೆಂಡಿನಲ್ಲಿ ಜಿಪಿಯ ಚೀಟಿ ಬೇಕಾಗಿಲ್ಲ. ಎನ್‌ಎಚ್‌ಎಸ್ (ಅಲ್ಲಿಯ ಸರಕಾರಿ ಆರೋಗ್ಯ ಸೇವೆ) ನಡೆಸುವ ಟಾಕಿಂಗ್ ಥೆರಪೀಸ್ ಎಂಬ ಸೇವೆಗೆ, ಜಿಪಿಯಲ್ಲಿ ನೋಂದಣಿ ಆಗಿದ್ದರೆ, ಆನ್‌ಲೈನಿನಲ್ಲಿ ತಾನೇ ಹೆಸರು ಕೊಡಬಹುದು, ಹಣವಿಲ್ಲ. ಇಲ್ಲಿ ನಮ್ಮವರು ಜಾರಿ ಬೀಳುವ ಜಾಗ ಎರಡು. ಒಂದು, ಅವರ ಕರೆ ಹೆಚ್ಚಾಗಿ ನಂಬರ್ ಕಾಣಿಸದೆ ಬರುತ್ತದೆ. ಮೋಸದ ಕರೆ ಎಂದು ಎತ್ತದೆ ಬಿಟ್ಟರೆ, ಎರಡು ಸಲ ಸಿಗದಿದ್ದರೆ, ಪಟ್ಟಿಯಿಂದ ಹೆಸರು ತೆಗೆದುಬಿಡಬಹುದು. ಅಕ್ಕನ ಹೆಸರು ಹೋದದ್ದೂ ಹಾಗೆಯೇ, ಕರೆ ಬಂದಾಗ ಅವಳು ಮಲ್ಪೆಯಲ್ಲಿದ್ದಳು. ಎರಡು, ಪ್ರತಿ ಭೇಟಿಯಲ್ಲೂ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆ ಕೇಳುತ್ತಾರೆ, ಹಿಂದಿನ ಎರಡು ವಾರದ ಬಗ್ಗೆ, ಅಂಕ 0ಯಿಂದ 27. ಹತ್ತು ಮುಟ್ಟಿದರೆ ಗಮನಿಸಬೇಕಾದ ಖಿನ್ನತೆ, ಇಪ್ಪತ್ತು ಮುಟ್ಟಿದರೆ ತೀವ್ರ. ನಮ್ಮವರಿಗೆ ಮಾನ ಮುಖ್ಯ, ಎಲ್ಲಕ್ಕೂ "ಕೆಲವು ದಿನ" ಎಂದು ಗುರುತು ಹಾಕುತ್ತಾರೆ. ಅಂಕ ಕಡಿಮೆ ಬಂದರೆ ಓದಿಕೊಳ್ಳುವ ಹಾಳೆ ಕೊಟ್ಟು ಕಳಿಸಿಬಿಡಬಹುದು. ಈ ಪ್ರಶ್ನಾವಳಿ ಕನ್ನಡದಲ್ಲೂ ಇದೆ, ಮನೆಯಲ್ಲಿ ಮೊದಲೇ ಕನ್ನಡದ್ದನ್ನು ನಿಜವಾಗಿ ತುಂಬಿಕೊಂಡು ಹೋಗಲಿ. ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ. ಅದಕ್ಕೆ ಸುಳ್ಳು ಹೇಳಲೇಬಾರದು. ಅದನ್ನು ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯ ನರ್ಸುಗಳಿಗೆ ಇರುತ್ತದೆ. ಚಿಕಿತ್ಸೆ ಪಡೆದು ಸುರಕ್ಷಿತವಾಗಿ ಕೆಲಸ ಮಾಡಬಲ್ಲವರ ನೋಂದಣಿಗೆ ಕಾಯಿಲೆಯೊಂದೇ ಅಡ್ಡಿಯಲ್ಲ.

ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೂ ದುಃಖ ಇಂಗ್ಲಿಷಿನಲ್ಲಿ ಬರುವುದಿಲ್ಲ. ದುಭಾಷಿ ಉಚಿತ. ಭಾರತೀಯರು ಎಂದು ಕಂಡೊಡನೆ ಹಿಂದಿಯವರನ್ನು ಕೂರಿಸಿಬಿಡಬಹುದು, ಆದ್ದರಿಂದ ಫಾರಮ್ಮಿನಲ್ಲಿ ಕನ್ನಡ ಎಂದೇ ಬರೆಯಬೇಕು. ಫೋನಿನ ದುಭಾಷಿ, ಅದೂ ಬೇರೆ ಊರಿನವರು ಇರಲಿ ಎಂದು ಕೇಳಬಹುದು. ರೂಮ್‌ಮೇಟ್, ಅತ್ತಿಗೆ, ಗಂಡ ಯಾರೂ ದುಭಾಷಿಯಾಗಬಾರದು.

ಮಂಗಳೂರಿನ ವಿಡಿಯೊ ಡಾಕ್ಟರ ವಿಷಯ ಎರಡೇ ಮಾತು. 2020ರ ಮಾರ್ಚ್ 25ರ ನಮ್ಮ ಟೆಲಿಮೆಡಿಸಿನ್ ಮಾರ್ಗಸೂಚಿ ದೇಶದ ಹೊರಗಿರುವ ರೋಗಿಗಳ ಸಮಾಲೋಚನೆಯನ್ನು ಒಳಗೊಳ್ಳುವುದಿಲ್ಲ, ಇಲ್ಲಿಯ ಚೀಟಿಗೆ ಅಲ್ಲಿಯ ಫಾರ್ಮಸಿ ಮಾತ್ರೆ ಕೊಡುವುದೂ ಇಲ್ಲ. ಮಾತ್ರೆಯಿಲ್ಲದ, ಕನ್ನಡದಲ್ಲೋ ತುಳುವಿನಲ್ಲೋ ಬರೀ ಮಾತಾಡುವ ಕೌನ್ಸೆಲಿಂಗ್ ಆದರೆ ಜಿಪಿಗೆ ತಿಳಿಸಿ ಜೊತೆಗೆ ಇಟ್ಟುಕೊಳ್ಳಲಿ, ಮುಖ್ಯ ಚಿಕಿತ್ಸೆಯ ಬದಲಿಗೆ ಬೇಡ. ರಾತ್ರಿ ಎರಡಕ್ಕೆ ಅವಳು ಕುಸಿದರೆ ಮಂಗಳೂರು ಕಂಕನಾಡಿಯ ಡಾಕ್ಟರು ಅಲ್ಲಿಗೆ ಆಂಬ್ಯುಲೆನ್ಸ್ ಕಳಿಸಲಾರರು. ಅಲ್ಲಿ 111ಕ್ಕೆ ಕರೆ ಮಾಡಿ 2 ಒತ್ತಿದರೆ ಮಾನಸಿಕ ತುರ್ತು ಸೇವೆ, ಜೀವಕ್ಕೆ ಅಪಾಯವಿದ್ದರೆ 999, ಬರೀ ಮಾತಾಡಲು ಸಮಾರಿಟನ್ಸ್ 116 123. ಇಲ್ಲಿ ನಿಮಗೋ ಅಮ್ಮನಿಗೋ ತಡೆಯಲಾಗದಿದ್ದರೆ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲೇ.

ಜೋಯಿಸರ ಪ್ರಶ್ನೆ, ದೈವ ನಾಗನಿಗೆ ಕೊಡುವ ತಂಬಿಲದ ಬಗ್ಗೆ ಅಮ್ಮನೊಡನೆ ಜಗಳ ಬೇಡ. ಇಡಿಸಲಿ. ಮಾತ್ರೆ ನಿಲ್ಲಿಸು ಎಂದು ಯಾರಾದರೂ ಹೇಳಿದರೆ ಅದನ್ನು ಮಾತ್ರ ಕೇಳಬೇಡಿ. ಅಮ್ಮನಿಂದ ನಿಮಗೆ ಬೇಕಾದದ್ದು ಬೇರೆ: ಮನೆತನದಲ್ಲಿ ಯಾರಿಗಾದರೂ ಹಿಂದೆ ಇಂಥದ್ದು ಆಗಿತ್ತೇ? ಅಜ್ಜಿಗೋ ಮಾವನಿಗೋ ಕೆಲವು ವಾರ ನಿದ್ದೆಯಿಲ್ಲದೆ ವಿಪರೀತ ಉತ್ಸಾಹ, ಮಾತು, ಖರ್ಚು, ಆಮೇಲೆ ಮಂಕು? ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟ ಈ ಸಂಗತಿ ಡಾಕ್ಟರಿಗೆ ತುಂಬ ಮುಖ್ಯ. ಬೈಪೋಲಾರ್ (ಹೀಗೆ ವಿಪರೀತ ಉತ್ಸಾಹ, ಮಂಕು ಎರಡೂ ಬಂದುಹೋಗುವ ಕಾಯಿಲೆ) ಇದ್ದವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು. ತಂಗಿಯ ಒಪ್ಪಿಗೆಯಿಲ್ಲದೆ ಜಿಪಿ ನಿಮಗೆ ಏನೂ ಹೇಳುವುದಿಲ್ಲ, ಆದರೆ ನೀವು ಹೇಳುವುದನ್ನು ಕೇಳಿಸಿಕೊಳ್ಳಬಹುದು. ಒಂದು ಪುಟ ಬರೆದು ಕಳಿಸಿ, ನಿಮ್ಮೊಡನೆ ಮಾತಾಡಲು ಅವಳಿಂದ ಲಿಖಿತ ಒಪ್ಪಿಗೆಯನ್ನೂ ಅಲ್ಲಿ ಕೊಡಿಸಿ.

ಇಷ್ಟಾದ ಮೇಲೂ ಅವಳಿಗೆ ಊರಿಗೆ ಬರಬೇಕೆನಿಸಿದರೆ ಬರಲಿ, ಅದೂ ಔಷಧಿಯೇ. ಫಿಟ್ ನೋಟ್ ಮಾಡಿಸಿ, ಊರಿಗೆ ಹೋಗಲು ಮಾಲೀಕರ ಒಪ್ಪಿಗೆಯನ್ನು ಇಮೇಲಿನಲ್ಲಿ ಪಡೆದು, ಹೋಗಿ ಬರುವ ಟಿಕೆಟ್ ಎರಡನ್ನೂ ಒಟ್ಟಿಗೆ ಮಾಡಿಸಿ. ಜಿಪಿ ಸಾಮಾನ್ಯವಾಗಿ 28 ದಿನದ ಮಾತ್ರೆ ಕೊಡುತ್ತಾರೆ, ಪ್ರಯಾಣ ಎಂದು ಮೊದಲೇ ಹೇಳಿ ಹೆಚ್ಚು ಕೇಳಬೇಕು. ಎನ್‌ಎಚ್‌ಎಸ್ ಆ್ಯಪಿನಿಂದ ದಾಖಲೆಯ ಪ್ರತಿ ತೆಗೆಸಿ, ಅದರಲ್ಲಿ ಔಷಧಿಯ ಮೂಲ ಹೆಸರು, ಪ್ರಮಾಣ, ಶುರುವಾದ ದಿನ ಇರಬೇಕು. ಟಾಕಿಂಗ್ ಥೆರಪೀಸ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ದೇಶದಲ್ಲಿ ಇರುವುದಿಲ್ಲ ಎಂದು ಬರೆದು ತಿಳಿಸಲಿ. ಇಲ್ಲಿ ಇಳಿದ ಮೊದಲ ವಾರವೇ ಮನೋವೈದ್ಯರನ್ನೇ ನೋಡಿ: ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ, ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಅಥವಾ ಸರಕಾರಿ ವೆನ್ಲಾಕ್. ಕಾಗದ ಮುಂದಿಟ್ಟು "ಇದೇ ಮಾತ್ರೆ ಮುಂದುವರಿಸಬಹುದೇ, ಬದಲಿಸುವುದಾದರೆ ಯಾಕೆ" ಎಂದು ಕೇಳಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಮರಳಿದ ಮೇಲೆ ಅಲ್ಲಿಯ ಜಿಪಿಗೆ ಅದೇ ಆಧಾರ. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೂ ಮಾತ್ರೆ ಕನಿಷ್ಠ ಆರು ತಿಂಗಳು ಮುಂದುವರಿಯಬೇಕಾಗುತ್ತದೆ, ಬಿಡುವಾಗಲೂ ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಿಯೇ ಬಿಡಬೇಕು ಎಂದು ಅಮ್ಮನಿಗೆ ಈಗಲೇ ಹೇಳಿಡಿ.