ಭಾಷಾ ಸಂದೇಹ: ಮನೆತನದ ಹೆಸರು ಮತ್ತು ಒಂದು ಕೊಕ್ಕೆ

ಪ್ರಶ್ನೆ: ನನ್ನ ಮಗ ಅಮೆರಿಕದ ಟೆಕ್ಸಸ್‌ನಲ್ಲಿ ಮನೆ ಕೊಂಡಿದ್ದಾನೆ. ಗೃಹಪ್ರವೇಶಕ್ಕೆ ಹೋಗುವಾಗ ಒಯ್ಯಲೆಂದು ಸಾಗರದ ಗುಡಿಗಾರರೊಬ್ಬರಿಗೆ ಹೇಳಿ ಮರದ ನಾಮಫಲಕವೊಂದನ್ನು ಕೆತ್ತಿಸುತ್ತಿದ್ದೇನೆ. ನನ್ನ ಪತಿಯ ಹೆಸರು ಶ್ರೀನಿವಾಸ್. ಅಲ್ಲಿನ ಕಾಗದಪತ್ರಗಳಲ್ಲಿ ಅದೇ ಮಗನ ಸರ್‌ನೇಮ್ ಆಗಿ, ಈಗ ಸೊಸೆಗೂ ಮೊಮ್ಮಕ್ಕಳಿಗೂ ಅದೇ ಅಂಟಿಕೊಂಡಿದೆ. ಇಂಗ್ಲಿಷಿನಲ್ಲಿ ‘ದಿ ಶ್ರೀನಿವಾಸ್’ ಎಂದು ಬರೆದು, ಕೊನೆಯಲ್ಲಿ ಅಪಾಸ್ಟ್ರಫಿ ಹಾಕಿ ಎಸ್ ಸೇರಿಸಬೇಕೆಂದು ಮಗನ ಗೆಳೆಯರೊಬ್ಬರು ಹೇಳಿದ್ದಾರೆ. ಇದು ಸರಿಯೇ? ಒಮ್ಮೆ ಕೆತ್ತಿದ ಮೇಲೆ ಅಳಿಸಲು ಬರುವುದಿಲ್ಲ. (ಓದುಗರು, ಶಿವಮೊಗ್ಗ)

ಉತ್ತರ: ಗುಡಿಗಾರರ ಉಳಿಯನ್ನು ಎರಡು ದಿನ ತಡೆದು ನಿಲ್ಲಿಸಿ. ಅಪಾಸ್ಟ್ರಫಿ ಎಂಬ ಆ ಪುಟ್ಟ ಕೊಕ್ಕೆ, ಹೆಸರುಗಳ ವಿಷಯದಲ್ಲಿ, ಒಡೆತನವನ್ನು ಹೇಳುತ್ತದೆಯೇ ಹೊರತು ಸಂಖ್ಯೆಯನ್ನಲ್ಲ. ನಮ್ಮ ಷಷ್ಠೀ ವಿಭಕ್ತಿ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ಗೆಳೆಯರು ಹೇಳಿದಂತೆ ಕೆತ್ತಿಸಿದರೆ ‘ಶ್ರೀನಿವಾಸ್ ಎಂಬ ಒಬ್ಬರ’ ಎಂದಾಗಿ, ಏನು ಅವರದು ಎಂಬುದು ಬಾಕಿ ಉಳಿಯುತ್ತದೆ. ನಿಮಗೆ ಬೇಕಾಗಿರುವುದು ‘ಶ್ರೀನಿವಾಸ್ ಮನೆತನದವರು’ ಎಂಬ ಬಹುವಚನ. ಅದಕ್ಕೆ ಕೊಕ್ಕೆಯ ಅಗತ್ಯವೇ ಇಲ್ಲ.

ಹಾಗಾದರೆ ಏನು ಬರೆಯಬೇಕು? ಮನೆತನದ ಹೆಸರು ಎಸ್, ಎಕ್ಸ್, ಝಡ್, ಎಸ್‌ಎಚ್ ಅಥವಾ ಸಿಎಚ್ ಅಕ್ಷರಗಳಲ್ಲಿ ಮುಗಿದರೆ ಅದರ ಮುಂದೆ ಇ ಮತ್ತು ಎಸ್ ಎರಡನ್ನೂ ಸೇರಿಸಬೇಕು. ಉಳಿದ ಹೆಸರುಗಳಿಗೆ ಎಸ್ ಒಂದೇ ಸಾಕು. ‘ಜೋನ್ಸ್’ ಎಂಬುದು ‘ಜೋನ್ಸಸ್’ ಆಗುವುದು ಹೀಗೆಯೇ. ನೆರೆಮನೆಯವರಿಗೆ ಸರಿಸಮವಾಗಿ ಬದುಕಲು ಹೆಣಗುವುದನ್ನು ಇಂಗ್ಲಿಷಿನವರು ‘ಕೀಪಿಂಗ್ ಅಪ್ ವಿತ್ ದ ಜೋನ್ಸಸ್’ ಎನ್ನುತ್ತಾರೆ. 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರಂಭವಾದ ವ್ಯಂಗ್ಯಚಿತ್ರಮಾಲೆಯಿಂದ ಮನೆಮಾತಾದ ಈ ನುಡಿಗಟ್ಟನ್ನು ನೆನಪಿಟ್ಟುಕೊಂಡರೆ ನಿಯಮವನ್ನು ಬೇರೆಯಾಗಿ ನೆನಪಿಡಬೇಕಾಗಿಲ್ಲ. ಶ್ರೀನಿವಾಸ್, ದಾಸ್, ಗಣೇಶ್, ಪ್ರಕಾಶ್ ಎಲ್ಲಕ್ಕೂ ಇಎಸ್ ಬರುತ್ತದೆ. ಕಾಮತ್, ಹೆಗಡೆ, ಗೌಡ ಎಂಬವಕ್ಕೆ ಬರಿಯ ಎಸ್. ರಾವ್ ಎಂಬ ಹೆಸರು ಇಂಗ್ಲಿಷಿನಲ್ಲಿ ‘ಒ’ ಅಕ್ಷರದಿಂದ ಮುಗಿಯುತ್ತದೆಂದು ಪೊಟ್ಯಾಟೊ, ಟೊಮ್ಯಾಟೊಗಳನ್ನು ನೆನೆದು ಕೆಲವರು ಇಎಸ್ ಹಚ್ಚುವುದುಂಟು. ರಾಯರನ್ನು ತರಕಾರಿಯ ಸಾಲಿಗೆ ಸೇರಿಸಬೇಕಾಗಿಲ್ಲ, ಅವರಿಗೂ ಎಸ್ ಒಂದೇ ಸಾಕು.

ಫಲಕದ ಮೇಲೆ ‘ಶ್ರೀನಿವಾಸ್ ಮನೆತನದವರ ಮನೆ’ ಎಂದೇ ಬರೆಸುವ ಆಸೆಯಿದ್ದರೆ ಮೊದಲು ಇಎಸ್ ಸೇರಿಸಿ ಬಹುವಚನ ಮಾಡಿಕೊಂಡು, ಅದರ ಕೊನೆಗೆ ಕೊಕ್ಕೆಯಿಟ್ಟು, ಆಮೇಲೆ ‘ಹೋಮ್’ ಎಂದು ಬರೆಯಬೇಕು. ಕೊಕ್ಕೆಯ ನಂತರ ಇನ್ನೊಂದು ಎಸ್ ಬರುವುದಿಲ್ಲ.

ಇದರಲ್ಲಿ ಎಡವುವುದು ನಾವು ಮಾತ್ರವಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರ ಅಂಚೆಪೆಟ್ಟಿಗೆಗಳ ಮೇಲೆ, ಕ್ರಿಸ್‌ಮಸ್ ಕಾರ್ಡುಗಳ ಕೆಳಗೆ ಇದೇ ತಪ್ಪು ಧಾರಾಳವಾಗಿ ಕಾಣಸಿಗುತ್ತದೆ. ಮುಖ್ಯ ಕಾರಣವೆಂದರೆ ಕಿವಿ ಇಲ್ಲಿ ನೆರವಿಗೆ ಬರುವುದಿಲ್ಲ. ಜೋಶಿ ಎಂಬ ಒಬ್ಬರದು, ಜೋಶಿ ಮನೆಯವರು, ಜೋಶಿ ಮನೆಯವರದು, ಈ ಮೂರಕ್ಕೂ ಇಂಗ್ಲಿಷಿನಲ್ಲಿ ಕೇಳಿಸುವುದು ‘ಜೋಶೀಸ್’ ಎಂಬ ಒಂದೇ ಉಚ್ಚಾರ. ವ್ಯತ್ಯಾಸವೆಲ್ಲ ಕಾಗದದ ಮೇಲೆ, ಕೊಕ್ಕೆ ಎಸ್‌ಗೆ ಮೊದಲು ಕುಳಿತಿದೆಯೋ, ಅದರ ಆಚೆಗೋ, ಇಲ್ಲವೇ ಇಲ್ಲವೋ ಎಂಬುದರಲ್ಲಿದೆ. ಕನ್ನಡದಲ್ಲಿ ‘ಜೋಶಿಯವರು’, ‘ಜೋಶಿಯವರ’ ಎಂಬ ಎರಡೂ ಕಿವಿಗೇ ಬೇರೆಯಾಗಿ ಕೇಳಿಸುತ್ತವೆ. ನಮ್ಮ ತೊಡಕು ಬೇರೊಂದು ಕಡೆಯಲ್ಲಿದೆ. ‘ಜೋಶಿಯವರು ಊಟಕ್ಕೆ ಬಂದರು’ ಎಂದರೆ ಒಂದು ಎಲೆ ಹಾಕಬೇಕೋ ನಾಲ್ಕೋ ಎಂದು ಕೇಳಿಯೇ ತಿಳಿಯಬೇಕು, ಏಕೆಂದರೆ ಗೌರವಕ್ಕೂ ಬಹುವಚನ, ಸಂಖ್ಯೆಗೂ ಬಹುವಚನ. ‘ಶ್ರೀನಿವಾಸರ ಮನೆ’ ಎಂದು ನಾವು ನಿಶ್ಚಿಂತೆಯಿಂದ ಹೇಳುವಲ್ಲಿ ಇಂಗ್ಲಿಷು ಮೊದಲು ತಲೆ ಎಣಿಸಿ, ಆಮೇಲೆ ಒಡೆತನವನ್ನು ಬರೆಯಲು ಹೇಳುತ್ತದೆ.

ನನ್ನನ್ನೇ ಕೇಳಿದರೆ, ಶ್ರೀನಿವಾಸ್ ಎಂಬುದರ ಮುಂದೆ ಇಎಸ್ ಹಚ್ಚಿದ ರೂಪ ವ್ಯಾಕರಣಕ್ಕೆ ಸರಿಯಾಗಿದ್ದರೂ ಕಣ್ಣಿಗೆ ಅಷ್ಟು ಹಿತವಲ್ಲ. ‘ದಿ ಶ್ರೀನಿವಾಸ್ ಫ್ಯಾಮಿಲಿ’ ಎಂದು ಕೆತ್ತಿಸಿದರೆ ಹೆಸರು ಇದ್ದಂತೆಯೇ ಇರುತ್ತದೆ, ಪ್ರತ್ಯಯದ ಗೋಜೂ ಇರುವುದಿಲ್ಲ. ಅದರ ಮೇಲೊಂದು ಸಾಲು ಕನ್ನಡದಲ್ಲಿಯೂ ಇರಲಿ. ಗುಡಿಗಾರರ ಕೈಗೆ ದುಂಡನೆಯ ಅಕ್ಷರಗಳು ಹೆಚ್ಚು ಒಲಿಯುತ್ತವೆ.

ಪ್ರಶ್ನೆ: ‘ಕೆನಡಿ’ ಎಂಬ ಮನೆತನದ ಹೆಸರಿನ ಬಹುವಚನವನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ವೈ ಅಕ್ಷರವನ್ನು ಹಾಗೆಯೇ ಉಳಿಸಿ, ಎಸ್ ಸೇರಿಸಿ ಬರೆದಿದ್ದಳು. ವೈ ಹೋಗಿ ಐಇಎಸ್ ಬರಬೇಕೆಂದು ಅಂಕ ಕಳೆದೆ. ಅವಳು ಒಪ್ಪುತ್ತಿಲ್ಲ. (ಅಧ್ಯಾಪಕರು, ಹಾಸನ)

ಉತ್ತರ: ಅಂಕವನ್ನು ಹಿಂದಿರುಗಿಸಿ. ‘ಬೇಬಿ’, ‘ಸಿಟಿ’ಯಂತಹ ಸಾಮಾನ್ಯ ನಾಮಪದಗಳಿಗೆ ಅನ್ವಯಿಸುವ ನಿಯಮವು ಮನೆತನದ ಹೆಸರಿಗೆ ಅನ್ವಯಿಸುವುದಿಲ್ಲ. ವೈ ಅಕ್ಷರವನ್ನು ಐಇ ಮಾಡಿಬಿಟ್ಟರೆ ಮೂಲ ಹೆಸರು ಯಾವ ಅಕ್ಷರದಿಂದ ಮುಗಿಯುತ್ತಿತ್ತೆಂದು ಓದುಗ ಊಹಿಸಬೇಕಾಗುತ್ತದೆ. ಹೆಸರು ಅದನ್ನು ಹೊತ್ತವರ ಸ್ವತ್ತು. ವ್ಯಾಕರಣ ಅದರ ಬಾಲಕ್ಕೆ ಏನನ್ನಾದರೂ ಕಟ್ಟಬಹುದು, ಒಳಗೆ ಕೈಹಾಕುವಂತಿಲ್ಲ. ಶೆಟ್ಟಿ, ರೆಡ್ಡಿ ಎಂಬ ಹೆಸರುಗಳಿಗೂ ವೈ ಉಳಿಸಿಕೊಂಡೇ ಎಸ್ ಸೇರಿಸಬೇಕು. ‘ವುಲ್ಫ್’ ಮನೆತನದವರು ಹಲವರಾದರೂ ‘ವುಲ್ವ್ಸ್’ ಆಗಿ ತೋಳಗಳ ಹಿಂಡಾಗುವುದಿಲ್ಲ. ಈಜಿಪ್ಟನ್ನು ಆಳಿದ ಟಾಲೆಮಿ ಅರಸರಿಗೆ ಮಾತ್ರ ರೂಢಿಯಲ್ಲಿ ಐಇಎಸ್ ಬಳಸುತ್ತಾರೆ, ಆದರೆ ಆ ರಾಜಮರ್ಯಾದೆಯನ್ನು ಉಳಿದವರಿಗೆ ವಿಸ್ತರಿಸುವಂತಿಲ್ಲ. ಸಿಎಚ್‌ನಿಂದ ಮುಗಿದರೂ ‘ಕ’ಕಾರದಂತೆ ಕೇಳಿಸುವ ‘ಬಾಖ್’ನಂತಹ ಹೆಸರಿಗೆ ಎಸ್ ಒಂದೇ ಸಾಕು, ಮೇಲೆ ಹೇಳಿದ ಇಎಸ್ ನಿಯಮಕ್ಕೆ ಇದೊಂದು ತಿದ್ದುಪಡಿ.

ಪ್ರಶ್ನೆ: 2024ರ ಅಮೆರಿಕದ ಚುನಾವಣೆಯ ಸುದ್ದಿಗಳನ್ನು ಓದುವಾಗ ಕಮಲಾ ಹ್ಯಾರಿಸ್ ಅವರ ಹೆಸರಿನ ಷಷ್ಠೀ ರೂಪವನ್ನು ಕೆಲವರು ಬರಿಯ ಕೊಕ್ಕೆಯಿಂದಲೂ ಕೆಲವರು ಕೊಕ್ಕೆ ಮತ್ತು ಎಸ್‌ನಿಂದಲೂ ಬರೆದುದನ್ನು ಕಂಡೆ. ಯಾವುದು ಶುದ್ಧ? (ಕರಡು ತಿದ್ದುವವರು, ಬೆಂಗಳೂರು)

ಉತ್ತರ: ಎರಡೂ ಶುದ್ಧ, ಒಂದೇ ಲೇಖನದಲ್ಲಿ ಎರಡನ್ನೂ ಬೆರೆಸುವುದು ಮಾತ್ರ ಅಶುದ್ಧ. ಎಸ್‌ನಿಂದ ಮುಗಿಯುವ ಒಬ್ಬರ ಹೆಸರಿಗೆ ಕೊಕ್ಕೆಯೊಂದೇ ಸಾಕು ಎಂಬುದು ಅಸೋಸಿಯೇಟೆಡ್ ಪ್ರೆಸ್‌ನ ಪದ್ಧತಿ; ಇನ್ನೊಂದು ಎಸ್ ಬೇಕು ಎಂಬುದು ನ್ಯೂಯಾರ್ಕ್ ಟೈಮ್ಸ್ ಮತ್ತು ಶಿಕಾಗೊ ಶೈಲಿ ಕೈಪಿಡಿಯ ಪದ್ಧತಿ. ಹ್ಯಾರಿಸ್ ಅವರ ಜೋಡಿಯಾಗಿ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ವಾಲ್ಜ್ ಅವರ ಹೆಸರು ಝಡ್‌ನಿಂದ ಮುಗಿಯುವುದರಿಂದ ಅಲ್ಲಿ ಈ ಎರಡು ಪಂಗಡಗಳಿಗೂ ಜಗಳವಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿಯೂ ಇದು ತೀರ್ಮಾನವಾಗಿಲ್ಲ. 2006ರ ‘ಕಾನ್ಸಸ್ ವರ್ಸಸ್ ಮಾರ್ಷ್’ ಪ್ರಕರಣದಲ್ಲಿ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಥಾಮಸ್ ಅವರು ಕಾನ್ಸಸ್ ರಾಜ್ಯಕ್ಕೆ ಬರಿಯ ಕೊಕ್ಕೆಯನ್ನಿಟ್ಟರೆ, ಭಿನ್ನಮತ ಬರೆದ ನ್ಯಾಯಮೂರ್ತಿ ಸೂಟರ್ ಅವರು ಎಸ್ ಕೂಡ ಸೇರಿಸಿದರು. ಲಂಡನ್ನಿನ ಸೇಂಟ್ ಜೇಮ್ಸ್ ಉದ್ಯಾನದ ಹೆಸರಿನಲ್ಲಿ ಕೊಕ್ಕೆಯ ಮುಂದೆ ಎಸ್ ಇದೆ, ನ್ಯೂಕ್ಯಾಸಲ್‌ನ ಅದೇ ಹೆಸರಿನ ಫುಟ್‌ಬಾಲ್ ಮೈದಾನದಲ್ಲಿ ಇಲ್ಲ.

ಹೆಸರನ್ನು ಉಚ್ಚರಿಸುವಾಗ ಕೊನೆಯಲ್ಲಿ ಇನ್ನೊಂದು ‘ಇಸ್’ ಕೇಳಿಸುವುದರಿಂದ ಅದನ್ನು ಬರೆದು ತೋರಿಸುವುದೇ ಮೇಲೆಂದು ನನಗನ್ನಿಸುತ್ತದೆ. ನಿಮ್ಮ ಸಂಸ್ಥೆಯ ಪದ್ಧತಿ ಬೇರೆಯಾಗಿದ್ದರೆ ಅದನ್ನೇ ಅನುಸರಿಸಿ. ಕರಡಿನಲ್ಲಿ ತಪ್ಪದೆ ಹಿಡಿಯಬೇಕಾದ ದೋಷ ಬೇರೆಯೇ ಇದೆ: ಹೆಸರಿನದೇ ಆದ ಎಸ್‌ಗೆ ಮೊದಲು ಕೊಕ್ಕೆ ತೂರಿಸುವುದು. ಹಾಗೆ ಮಾಡಿದ ಕೂಡಲೇ ಅದು ಹ್ಯಾರಿಸ್ ಅವರದಾಗಿ ಉಳಿಯದೆ, ಹ್ಯಾರಿ ಎಂಬ ಬೇರೆ ಯಾರದೋ ಆಗಿಬಿಡುತ್ತದೆ.