ಗ್ಲಾಸ್ಗೋಗೆ ಬರೋ ತಮ್ಮಾ, ರೇನ್‌ಕೋಟ್ ಊರಿಂದ ತರಬೇಡ

ತಮ್ಮಾ, ಸೆಪ್ಟೆಂಬರ್‌ನಲ್ಲಿ ಓದೋಕೆ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬರ್ತಿದ್ದೀನಿ, ಬಾಗಲಕೋಟೆಯಲ್ಲೇ ಒಂದು ಗಟ್ಟಿ ರೇನ್‌ಕೋಟ್, ನಾಲ್ಕು ಜೀನ್ಸ್ ತಗೊಳ್ಳಲಾ ಅಂತ ಕೇಳಿದ್ದೀಯ. ಎರಡೂ ಬೇಡ. ನಾನು ಇಳಕಲ್ಲಿನವನು, ಇಲ್ಲಿಗೆ ಬಂದು 11 ವರ್ಷ ಆಯ್ತು, ಇದೇ ತಪ್ಪು ಮಾಡಿದ್ದೆ.

ನಮ್ಮ ಕಡೆ ಮಳೆ ಒಂದು ತಾಸು ಹೊಡೆದು ಹೋಗುತ್ತೆ, ಮತ್ತೆ ಬಿಸಿಲು, ಬಟ್ಟೆ ಮೈಮೇಲೇ ಒಣಗುತ್ತೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಇಲ್ಲಿ ಹೆಚ್ಚುಕಡಿಮೆ ಅದರ ಎರಡು ಪಟ್ಟು, ಅದೂ ವರ್ಷವಿಡೀ ಜಿಟಿಜಿಟಿ, ಗಾಳಿಗೆ ಅಡ್ಡಡ್ಡ ಬಡಿಯುತ್ತೆ. ಛತ್ರಿ ನಿಲ್ಲಲ್ಲ.

ಬೈಕ್ ಮೇಲೆ ಹಾಕೋ ಪ್ಲಾಸ್ಟಿಕ್ ರೇನ್‌ಕೋಟ್ ತಂದಿದ್ದೆ. ಮೊದಲ ವಾರ 25 ನಿಮಿಷ ನಡೆದು ಕ್ಲಾಸಿಗೆ ಹೋಗಿ ಕೋಟ್ ಬಿಚ್ಚಿದೆ. ಮಳೆ ಒಂದು ಹನಿ ಒಳಗೆ ಬಂದಿಲ್ಲ, ಆದ್ರೆ ಕಾಟನ್ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಎಲ್ಲಾ ನನ್ನದೇ ಬೆವರು. ಜೀನ್ಸ್ ಮೊಣಕಾಲ ತನಕ ನೆನೆದು ಕಲ್ಲಿನಂಗೆ ಭಾರ. ಹಾಗೇ ಎರಡು ತಾಸು ಕೂತೆ, ನಾಲ್ಕು ದಿನ ಜ್ವರ. ಆ ಜೀನ್ಸ್ ರೂಮಿನೊಳಗೆ ಒಣಗೋಕೆ ಎರಡು ದಿನ ಬೇಕಾಯ್ತು.

ನೀರು ಒಳಗೆ ಬರದಿದ್ರೆ ಸಾಲದು, ಬೆವರಿನ ಆವಿ ಹೊರಗೆ ಹೋಗಬೇಕು. ಇದು ಹಳೇ ಕಷ್ಟ. ಎರಡು ಬಟ್ಟೆ ನಡುವೆ ರಬ್ಬರ್ ಅಂಟಿಸಿ 1823ರಲ್ಲಿ ಪೇಟೆಂಟ್ ತಗೊಂಡ ಚಾರ್ಲ್ಸ್ ಮ್ಯಾಕಿಂತೋಷ್ ಇದೇ ಗ್ಲಾಸ್ಗೋದವರು, ಆ ಕೋಟಿನೊಳಗೂ ಜನ ಬೆವರಿ ಒದ್ದೆಯಾಗ್ತಿದ್ರು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಥರದ ವಸ್ತುವನ್ನು ಹಿಗ್ಗಿಸಿದಾಗ ಸಣ್ಣ ಸಣ್ಣ ತೂತಿರೋ ಪೊರೆ ಸಿಕ್ಕಿತು. ಆ ತೂತಿನಲ್ಲಿ ಮಳೆ ಹನಿ ತೂರಲ್ಲ, ಆವಿ ತೂರುತ್ತೆ. ಜಾಕೆಟ್ ಬಟ್ಟೆಯೊಳಗೆ ಇಂಥ ಪೊರೆ ಇರುತ್ತೆ, ಈಗ ಬೇರೆ ಕಂಪನಿಗಳ ಪೊರೆಗಳೂ ಇವೆ, ತೀರಾ ದುಬಾರಿಯದೇ ಬೇಕಂತಿಲ್ಲ.

ಅಂಥ ಜಾಕೆಟ್ ಇಲ್ಲಿ ಬಂದು ತಗೋ. ಲೇಬಲ್ ಮೇಲೆ ಬರೀ ವಾಟರ್ ರೆಸಿಸ್ಟೆಂಟ್ ಅಂತಿದ್ರೆ ಬಿಡು, ಅದು ತುಂತುರಿಗಷ್ಟೇ. ವಾಟರ್‌ಪ್ರೂಫ್, 10,000 ಮಿಲಿಮೀಟರ್ ಅಂತಿರಲಿ, ಅಂದ್ರೆ 10 ಮೀಟರ್ ಎತ್ತರ ನಿಂತ ನೀರಿನ ಒತ್ತಡವನ್ನ ಆ ಬಟ್ಟೆ ತಡೆಯುತ್ತೆ. ಅಂಗಡಿಯಲ್ಲೇ ಜಾಕೆಟ್ ಒಳಮಗ್ಗಲು ತಿರುಗಿಸಿ ನೋಡು, ಪ್ರತಿ ಹೊಲಿಗೆ ಮೇಲೂ ಬೆರಳಗಲ ಟೇಪ್ ಅಂಟಿಸಿರಬೇಕು. ಇಲ್ಲಾಂದ್ರೆ ಸೂಜಿ ತೂತಿನಿಂದಲೇ ಭುಜ ನೆನೆಯುತ್ತೆ. ಕಂಕುಳಲ್ಲಿ ಜಿಪ್ ಇದ್ರೆ ಇನ್ನೂ ಒಳ್ಳೇದು.

ಒಳಗೆ ಪಾಲಿಯೆಸ್ಟರ್ ಇಲ್ಲಾ ಉಣ್ಣೆ ಹಾಕು. ಕಾಟನ್ ನೀರು ಕುಡಿದು ತಣ್ಣಗಾಗಿಬಿಡುತ್ತೆ, ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವ ಹೀರಿದ್ರೂ ಬೆಚ್ಚಗಿರುತ್ತೆ. ನಮ್ಮ ಕುರುಬರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಹಿಂದೆ ಹೋಗೋದು ನೋಡಿದ್ದೀಯಲ್ವಾ? ಬೇಕಾದ್ರೆ ಮನೆಯಿಂದ ಒಂದು ಕಂಬಳಿ ತಾ, ಜೀನ್ಸಿಗಿಂತ ಅದೇ ಉಪಯೋಗಕ್ಕೆ ಬರುತ್ತೆ.

ಇನ್ನೊಂದು. ಹೊಸ ಜಾಕೆಟ್ ಮೇಲೆ ನೀರು ಕಮಲದ ಎಲೆ ಮೇಲಿನಂಗೆ ಉರುಳುತ್ತೆ. ವರ್ಷ ಕಳೆದ ಮೇಲೆ ಬಟ್ಟೆ ಕಪ್ಪಗೆ ನೆನೆಯೋಕೆ ಶುರುವಾದ್ರೆ ಹಾಳಾಯ್ತು ಅಂತ ಬಿಸಾಡಬೇಡ. ಅದಕ್ಕಂತಲೇ ಸಿಗೋ ಸೋಪಿನ ನೀರಲ್ಲಿ ಒಗೆ, ಸಾಫ್ಟನರ್ ಹಾಕಲೇಬೇಡ, ಲೇಬಲ್ ನೋಡಿಕೊಂಡು ಡ್ರೈಯರ್‌ನಲ್ಲಿ ಕಮ್ಮಿ ಬಿಸಿಗೆ 20 ನಿಮಿಷ ಬಿಡು. ನನ್ನದು ಆರು ವರ್ಷದ್ದು, ಹೋದ ಭಾನುವಾರ ಹೀಗೇ ಮಾಡಿದೆ, ತೋಳಿನ ಮೇಲೆ ಮತ್ತೆ ಹನಿ ಉರುಳ್ತಿದೆ.